ಬಿಸಿಯಕ್ಕನ ಎರಡು ನಿಮಿಷ

“ಯಾರಿಗೆ ಅಂತ ಕೇಳೋಕೆ ನೀವ್ಯಾರಮ್ಮ? ಬಿಸಿ ಮಾಡಿ ಅಂದ್ರೆ ಮಾಡ್ಕೊಡಿ, ಅಷ್ಟೇ!”

ಬೆಳಗಿನ ಐದೂ ಮುಕ್ಕಾಲು, ಶುಕ್ರವಾರ. ಆಸ್ಪತ್ರೆಯ ನೆಲಮಹಡಿಯ ಪಡಸಾಲೆ ಮುಗಿಯುವಲ್ಲಿ ಒಂದು ಕೋಣೆ. ರೋಗಿಗಳಿಗೆ ಮನೆಯಿಂದ ತಂದ ಊಟವನ್ನು ಬಿಸಿ ಮಾಡಿಕೊಡುವ ಜಾಗ ಅದು. ಬೆಂಚಿನ ಮೇಲೆ ಕೂತೇ ರಾತ್ರಿ ಕಳೆದ ತರುಣನೊಬ್ಬ ಹಾಲಿನ ಬಾಟಲಿಯನ್ನು ಮುಂದೆ ಚಾಚಿಕೊಂಡು ಗದರುತ್ತಿದ್ದಾನೆ. ಕಲ್ಲಿನ ಕಟ್ಟೆಯ ಆಚೆಗೆ ನಿಂತ ಹೆಂಗಸು ಐದಡಿಗೂ ಕಮ್ಮಿ. ಹಸಿರು ಏಪ್ರನ್ನು, ಅದರ ಜೇಬಿನ ತುಂಬ ಮರದ ಕಡ್ಡಿ. ಗದರಿಕೆ ಅವರ ಕಿವಿಗೆ ಬಿದ್ದಂತೆಯೇ ಇಲ್ಲ.

“ನಾನು ಯಾರೂ ಅಲ್ಲಪ್ಪ. ಹಾಲು ಯಾರಿಗೆ, ಅದು ಹೇಳು.”

“ಮಗುವಿಗೆ. ಹುಟ್ಟಿ ನಾಲ್ಕು ದಿನ.”

“ಹಾಗಾದ್ರೆ ಇದು ಓವನ್ನೊಳಗೆ ಹೋಗಲ್ಲ. ಗಂಡೋ, ಹೆಣ್ಣೋ?”

“ಹೆಣ್ಣು,” ಅನ್ನುವಷ್ಟರಲ್ಲಿ ತರುಣನ ದನಿ ಅರ್ಧಕ್ಕೆ ಇಳಿದಿದೆ. ಬಾಟಲಿ ಆಗಲೇ ಬಿಸಿನೀರಿನ ಬೋಗುಣಿಯಲ್ಲಿ ನಿಂತಿದೆ. ಸ್ವಲ್ಪ ಹೊತ್ತಾದ ಮೇಲೆ ಅದನ್ನು ತೆಗೆದು, ಚೆನ್ನಾಗಿ ಅಲುಗಿಸಿ, ತರುಣನ ಮುಂಗೈ ಹಿಡಿದು ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಬಿಡುತ್ತಾರೆ. “ಏನನ್ಸತ್ತೆ?”

“ಏನೂ ಅನ್ಸಲ್ಲ.”

“ಏನೂ ಅನ್ನಿಸ್ಬಾರ್ದು. ಹಂಗಿದ್ರೇನೇ ಸರಿ. ಓಡು, ಕಾಯ್ತಿರ್ತಾಳೆ ನಿನ್ನ ರಾಣಿ.”

ಬಾಗಿಲಲ್ಲಿ ನಿಂತ ಗಾರ್ಡಣ್ಣ ಸಾಲಿನ ಕಡೆ ತಿರುಗುತ್ತಾನೆ. “ಮುಂದಿನವರು ಬನ್ನಿ. ಉತ್ತರ ರೆಡಿ ಇಟ್ಕೊಳ್ಳಿ, ಇಲ್ಲಿ ಇಂಟರ್‌ವ್ಯೂ ಇದೆ.”

ಆಸ್ಪತ್ರೆಯ ನಾಲ್ಕು ಮಹಡಿಗೂ ಇವರು ಬಿಸಿಯಕ್ಕ. ಬೈಸಿಕೊಂಡವರ ಬಾಯಲ್ಲಿ ತಲೆಬಿಸಿಯಕ್ಕ. ಎರಡಕ್ಕೂ “ಹ್ಞೂಂ” ಅನ್ನುತ್ತಾರೆ. ಒಂಬತ್ತು ವರ್ಷದಿಂದ ಈ ಕಟ್ಟೆಯ ಹಿಂದೆ ನಿಂತಿದ್ದಾರೆ. ಬೆಳಿಗ್ಗೆ ಐದೂವರೆಯಿಂದ ಮಧ್ಯಾಹ್ನ ಎರಡೂವರೆಯ ತನಕ ಇವರ ಕೈ ದಾಟಿ ಹೋಗುವ ಡಬ್ಬಿಗಳು ದಿನಕ್ಕೆ ಇನ್ನೂರ ಐವತ್ತರ ಆಸುಪಾಸು. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೇ ನೂರು ದಾಟುತ್ತದೆ. ಕೆಲಸ ಏನೆಂದು ಕೇಳಿದರೆ ಬಿಸಿ ಮಾಡುವುದು, ಇಷ್ಟೇ. ಅಷ್ಟಕ್ಕೆ ಒಬ್ಬ ಆಳು ಯಾಕೆ ಬೇಕು ಅನ್ನುವುದು ಆಸ್ಪತ್ರೆಯ ಆಡಳಿತ ಕಚೇರಿಯ ಪ್ರಶ್ನೆ. ಈ ವಾರ ಆ ಪ್ರಶ್ನೆಗೆ ಉತ್ತರ ಸಿಗಬೇಕು.

ವಿಷಯ ಹೀಗಿದೆ. ನೆಲಮಾಳಿಗೆಯ ಲಾಂಡ್ರಿಯಲ್ಲಿ ಎರಡು ಕೈ ಕಡಿಮೆ ಬಿದ್ದಿವೆ. ಮೈಕ್ರೊವೇವ್ ಓವನ್ನು ಈಗ ಮನೆಮನೆಯಲ್ಲೂ ಇರುವ ವಸ್ತು, ಗೋಡೆಗೆ ಒಂದು ಸೂಚನಾ ಫಲಕ ಹಾಕಿದರೆ ಜನ ತಾವೇ ಬಿಸಿ ಮಾಡಿಕೊಳ್ಳುತ್ತಾರೆ ಅಂತ ಮ್ಯಾನೇಜರ ಲೆಕ್ಕಾಚಾರ. ಹಾಗಾಗಿ ಸೋಮವಾರದಿಂದ ಶನಿವಾರದ ತನಕ ಪರೀಕ್ಷೆ. ಕಚೇರಿ ತೆರೆಯುವ ಎಂಟು ಗಂಟೆಯಿಂದ ಎರಡರವರೆಗೆ ಬಿಸಿಯಕ್ಕ ಮೂಲೆಯ ಸ್ಟೂಲಿನ ಮೇಲೆ ಕೂರಬೇಕು. ಚೆಲ್ಲಿದ್ದನ್ನು ಒರೆಸಬಹುದು, ಮಾತಾಡುವಂತಿಲ್ಲ. ಎಲ್ಲ ಸಲೀಸಾಗಿ ನಡೆದರೆ ಮುಂದಿನ ಸೋಮವಾರ ಅವರು ಲಾಂಡ್ರಿಗೆ.

ಲಾಂಡ್ರಿ ಅವರಿಗೆ ಹೊಸದಲ್ಲ. ಹನ್ನೊಂದು ವರ್ಷ ಅಲ್ಲೇ ದುಡಿದವರು. ಕಿಟಕಿಯಿಲ್ಲದ ಕೋಣೆ, ಇಡೀ ದಿನ ಹಬೆ, ಬಟ್ಟೆ ಬೆಳ್ಳಗೆ ಮಾಡುವ ನೀರಿನ ಘಾಟು. ಕೊನೆಕೊನೆಗೆ ಮೆಟ್ಟಿಲು ಹತ್ತಿ ಮೇಲೆ ಬರುವುದರೊಳಗೆ ಮೂರು ಕಡೆ ನಿಂತು ಉಸಿರೆಳೆದುಕೊಳ್ಳಬೇಕಾಗುತ್ತಿತ್ತಂತೆ. ಎದೆಯ ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆಯೇ ಅಲ್ಲಿಂದ ಬಿಡುಗಡೆ. “ಕೆಲಸ ಯಾವ್ದಾದ್ರೇನು, ಮಾಡೋದೇ,” ಅನ್ನುತ್ತಾರೆ. “ಆದ್ರೆ ಅಲ್ಲಿ ನಂಗೆ ಗಾಳಿ ಸಾಲಲ್ಲ.”

ಎಂಟು ಗಂಟೆಯ ತನಕ ಮಾತ್ರ ಈಗ ಅವರ ರಾಜ್ಯ. ಆ ರಾಜ್ಯದಲ್ಲಿ ಆರು ಓವನ್ನುಗಳು. ಬಂದ ತಕ್ಷಣ ಒಂದೇ ಅಳತೆಯ ಲೋಟದಲ್ಲಿ ಒಂದೇ ಮಟ್ಟಕ್ಕೆ ನೀರು ಹಾಕಿ, ಮರದ ಕಡ್ಡಿ ನಿಲ್ಲಿಸಿ, ನಡೆಯುವ ಐದರಲ್ಲೂ ಒಂದೊಂದು ನಿಮಿಷ ಇಟ್ಟು ನೋಡುತ್ತಾರೆ. ಖಾಲಿ ಓಡಿಸಿದರೆ ಓವನ್ನು ಹಾಳು, ಅದಕ್ಕೇ ನೀರು. “ಒಂದನೇದು ಮುಂಗೋಪಿ, ಎಲ್ಲಾನೂ ಬೇಗ ಕುದಿಸಿ ಹಾಕತ್ತೆ. ಎರಡನೇದು ಸೋಮಾರಿ. ಮೂರನೇದು ಎಡಗಡೆ ಬಿಸಿ ಮಾಡಿ ಬಲಗಡೆ ಮರ್ತುಬಿಡತ್ತೆ. ನಾಲ್ಕು, ಐದು ಅಕ್ಕತಂಗೀರು, ತಂಟೆ ಇಲ್ಲ.” ಆರನೆಯದರ ಬಾಗಿಲು ಸರಿಯಾಗಿ ಕೂರುವುದಿಲ್ಲ. ಅಂಥದ್ದನ್ನು ಬಳಸಬಾರದೆಂದು ತಾವೇ ಪ್ಲಗ್ ಕಿತ್ತು, ಒಳಗೆ ತಮ್ಮ ಊಟದ ಡಬ್ಬಿ ಇಟ್ಟುಕೊಳ್ಳುತ್ತಾರೆ. ಡಬ್ಬಿ ತೆರೆಯುವಷ್ಟರಲ್ಲಿ ಎರಡೂವರೆ, ಅಷ್ಟು ಹೊತ್ತಿಗೆ ಸಂಜೆ ಪಾಳಿಯ ಸಾಲು ಶುರುವಾಗಿ ಒಂದು ಓವನ್ನೂ ಖಾಲಿ ಇರುವುದಿಲ್ಲ. “ಓವನ್ನೊಳಗೇ ಊಟ ಇಟ್ಟು ತಣ್ಣಗೆ ತಿನ್ನೋಳು ಈ ಭೂಮಿ ಮೇಲೆ ನಾನೊಬ್ಬಳೇ ಇರಬೇಕು!”

ಡಬ್ಬಿ ಕಟ್ಟಿಕೊಡುವವರು ಗಂಡ. ಬಡಗಿ. ಜೇಬಿನ ಕಡ್ಡಿಗಳೂ ಅವರವೇ, ಉಳಿದ ಮರದ ಚೂರುಗಳನ್ನು ನುಣ್ಣಗೆ ತೀಡಿ ವಾರಕ್ಕೊಂದು ಕಟ್ಟು ಕೊಡುತ್ತಾರೆ. “ಮದುವೆಯಾಗಿ ಇಪ್ಪತ್ತೆಂಟು ವರ್ಷ. ಒಂದು ಮಂಚ ಮಾಡ್ಕೊಡಿ ಅಂದ್ರೆ ಪುರುಸೊತ್ತಿಲ್ಲ ಮಹಾರಾಯರಿಗೆ. ಕಡ್ಡಿ ಮಾತ್ರ ತಪ್ಪಿಸಲ್ಲ.” ಕಡ್ಡಿ ಯಾತಕ್ಕೆ ಅಂದರೆ, ನೀರೋ ತಿಳಿಸೂಪೋ ಓವನ್ನಿನಲ್ಲಿ ಕುದಿಯುವ ಬಿಸಿ ದಾಟಿದರೂ ಕೆಲವು ಸಲ ಒಂದು ಗುಳ್ಳೆಯೂ ಏಳದೆ ಸುಮ್ಮನಿರುತ್ತದೆ. ಚಮಚ ಹಾಕಿದ ಕ್ಷಣ ಬುಸ್ಸೆಂದು ಮುಖಕ್ಕೇ ಹಾರುತ್ತದೆ. ಕಡ್ಡಿಯೊಂದು ಮೊದಲೇ ಒಳಗಿದ್ದರೆ ಅದರ ಮೈಯಿಂದ ಗುಳ್ಳೆ ಏಳುತ್ತದೆ, ಸಿಟ್ಟು ಅಲ್ಲಲ್ಲೇ ಕರಗುತ್ತದೆ.

ಒಂಬತ್ತು ವರ್ಷದಲ್ಲಿ ಜನ ಏನೇನು ತಂದಿಲ್ಲ! ಚಿನ್ನದ ಅಂಚಿನ ಕಪ್ಪು ಪಟಪಟ ಕಿಡಿ ಹಾರಿಸಿದೆ. ಸಿಪ್ಪೆ ಸಮೇತ ಇಟ್ಟ ಮೊಟ್ಟೆ ಸಿಡಿದು ಓವನ್ನಿನ ಚಾವಣಿಗೆ ಅಂಟಿದೆ. ಐಸ್‌ಕ್ರೀಮಿನ ಖಾಲಿ ಡಬ್ಬಿ ಕರಗಿ ಸಾರಿನೊಳಗೆ ಸೇರಿದೆ. ಒಬ್ಬ ಒದ್ದೆ ಸಾಕ್ಸ್ ಒಣಗಿಸೋಕೆ ತಂದಿದ್ದನಂತೆ. “ರೂಢಿಯಲ್ಲಿ ಯಾರಿಗೆ ಅಂದೆ. ನನಗೇ ಅಂದ!” ಒಮ್ಮೆ ತಿಂಡಿಯ ಕಾಗದದ ಚೀಲ ಒಳಗೇ ಹೊತ್ತಿಕೊಂಡಾಗ ಎಲ್ಲರೂ “ಬಾಗಿಲು ತೆಗಿ, ತೆಗಿ” ಎಂದು ಕೂಗಾಡಿದರು. ಇವರು ಸ್ವಿಚ್ ಆರಿಸಿ, ಪ್ಲಗ್ ಎಳೆದು, ಯಾರೂ ಬಾಗಿಲು ಮುಟ್ಟದಂತೆ ಅಡ್ಡ ನಿಂತುಬಿಟ್ಟರು. “ತೆಗೆದ್ರೆ ಅದಕ್ಕೆ ಗಾಳಿ ಸಿಗತ್ತೆ. ಮುಚ್ಚೇ ಇದ್ರೆ ಉಸಿರುಗಟ್ಟಿ ತಾನೇ ಸಾಯತ್ತೆ.”

ಸ್ಟೀಲ್ ಡಬ್ಬಿ ಬಂದರೆ ಗಾಜಿನ ಬಟ್ಟಲಿಗೆ ಬದಲಾಯಿಸುತ್ತಾರೆ. ಅನ್ನ ಬಂದರೆ ನಡುವೆ ಬಾವಿ ತೋಡಿ ಬಳೆಯ ಹಾಗೆ ಸುತ್ತ ಹರಡುತ್ತಾರೆ, ಏಕೆಂದರೆ ಬಟ್ಟಲಿನ ಅಂಚು ಕಾದರೂ ನಡು ಕಾದಿರುವುದಿಲ್ಲ. ಮೇಲೆ ಒಂದು ತಟ್ಟೆ, ಅದೂ ಓರೆಯಾಗಿ. ಅರ್ಧದಲ್ಲಿ ಒಮ್ಮೆ ತೆಗೆದು ಕೈಯಾಡಿಸುವುದು. ಮಾಂಸದ ತುಂಡಾದರೆ ಬಿಡಿಸಿ ನಡುಭಾಗ ನೋಡುವುದು. “ಹೊರಗೆ ಸುಡ್ತಿರತ್ತೆ, ಒಳಗೆ ನಿನ್ನೆ ರಾತ್ರಿ ಇನ್ನೂ ಕೂತಿರತ್ತೆ. ಮೊದ್ಲೇ ಕಾಯಿಲೆ ಬಿದ್ದ ಹೊಟ್ಟೆ, ತಡೆಯತ್ತಾ?” ಒಮ್ಮೆ ಬಿಸಿ ಮಾಡಿ ಮಿಕ್ಕಿದ್ದನ್ನು ಮತ್ತೆ ತಂದರೆ ಖಡಾಖಂಡಿತ ವಾಪಸ್.

ಇಷ್ಟೆಲ್ಲ ಆಗಿ ಗಂಟೆ ‘ಟಿಂಗ್’ ಅಂದ ಮೇಲೆ ಶುರುವಾಗುವುದು ಅವರ ಪ್ರಸಿದ್ಧ ಎರಡು ನಿಮಿಷ. ಬಟ್ಟಲನ್ನು ಮುಟ್ಟಗೊಡುವುದಿಲ್ಲ. ಒಳಗಿನ ಬಿಸಿ ಓಡಾಡಿಕೊಂಡು ಎಲ್ಲ ಕಡೆ ಸಮನಾಗಲು ಅಷ್ಟು ಹೊತ್ತು ಬೇಕು. ಸಾಲಿನಲ್ಲಿ ನಿಂತವರಿಗೆ ಆ ಎರಡು ನಿಮಿಷ ಎರಡು ವರ್ಷ. “ಎಲ್ರಿಗೂ ಇಪ್ಪತ್ತು ಸೆಕೆಂಡಿಗೇ ಎರಡು ನಿಮಿಷ ಆಗ್ಬಿಡತ್ತೆ. ಗೋಡೆಗೊಂದು ಸೆಕೆಂಡ್ ಮುಳ್ಳಿರೋ ದೊಡ್ಡ ಗಡಿಯಾರ ಹಾಕಿಸಿದ್ರೆ ನನ್ನ ಗಂಟಲು ಉಳಿಯತ್ತೆ,” ಅನ್ನುವುದು ಅವರು ಇಷ್ಟು ವರ್ಷದಲ್ಲಿ ಕಚೇರಿಗೆ ಸಲ್ಲಿಸಿದ ಏಕೈಕ ಬೇಡಿಕೆ.

ಮತ್ತೆ ಆ ‘ಯಾರಿಗೆ?’ ಅದು ಎಲ್ಲಿಂದ ಬಂತು ಅಂತ ಕೇಳಿದರೆ ಒಂದನೇ ಓವನ್ನಿನ ಗಾಜನ್ನು ಇನ್ನೊಂದು ಸಲ ಒರೆಸುತ್ತಾರೆ. ಅದು ಆಗಲೇ ಲಕಲಕ ಅನ್ನುತ್ತಿದೆ.

ಲಾಂಡ್ರಿಯಲ್ಲಿದ್ದಾಗಿನ ಮಾತು. ಅವರ ತಾಯಿ ಇದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಲಕ್ವ ಹೊಡೆದು ಮಲಗಿದ್ದರು. ಆಗ ಪಡಸಾಲೆಯಲ್ಲಿ ಒಂದೇ ಓವನ್ನು, ನೋಡಿಕೊಳ್ಳುವವರಿಲ್ಲ. ಕೆಲಸದ ನಡುವೆ ಓಡಿಬಂದು ಒಂದು ಕಪ್ಪು ಹಾಲು ಬಿಸಿ ಮಾಡಿದರು. “ಕಪ್ಪು ಮುಟ್ಟಿ ನೋಡ್ದೆ, ಉಗುರುಬೆಚ್ಚಗಿತ್ತು. ಒಲೆ ಮೇಲಾದ್ರೆ ಪಾತ್ರೆ ಚಾಡಿ ಹೇಳತ್ತೆ, ಒಳಗೆ ಇಷ್ಟು ಬಿಸಿ ಇದೆ ಅಂತ. ಇದರಲ್ಲಿ ಪಾತ್ರೆ ಬಾಯೇ ಬಿಡಲ್ಲ. ನಂಗೇನು ಗೊತ್ತು? ಚಮಚದಲ್ಲಿ ಕುಡಿಸ್ತಾ ಹೋದೆ. ಅಮ್ಮನಿಗೆ ಬಾಯಿ ಅರ್ಧ ಮರಗಟ್ಟಿತ್ತು. ನನ್ನ ಮುಖ ನೋಡ್ತಾ ನೋಡ್ತಾ ಪೂರ್ತಿ ಕುಡಿದ್ರು.” ಮರುದಿನ ಬಾಯಿ ತೊಳೆಸುವಾಗ ನರ್ಸು ಕೆನ್ನೆಯ ಒಳಗಿನ ಬೊಬ್ಬೆಗಳನ್ನು ತೋರಿಸಿದರು. ಬೊಬ್ಬೆ ವಾಸಿಯಾದವು, ಅಮ್ಮ ಆಮೇಲೂ ಎರಡು ವರ್ಷ ಬದುಕಿದ್ದರು. “ಅಳಲೇ ಇಲ್ಲ ನೋಡಿ. ಅತ್ತಿದ್ರೆ ನಿಲ್ಲಿಸ್ತಿದ್ದೆ.” ಈ ಕೋಣೆಯ ಕೆಲಸ ಖಾಲಿಯಿದೆ ಅಂತ ಗೊತ್ತಾದಾಗ ಡಾಕ್ಟರ ಚೀಟಿ ಹಿಡಿದು ಕೇಳಿ ಪಡೆದದ್ದು ಇದಕ್ಕೇ.

ಎಂಟು ಹೊಡೆಯುತ್ತದೆ. ಬಿಸಿಯಕ್ಕ ಏಪ್ರನ್ನು ಬಿಚ್ಚದೆ ಸ್ಟೂಲಿನ ಮೇಲೆ ಹೋಗಿ ಕೂರುತ್ತಾರೆ. ಗೋಡೆಯ ಮೇಲಿನ ಬಿಳಿ ಫಲಕದಲ್ಲಿ ಏಳು ಸಾಲು, ಮ್ಯಾನೇಜರೇ ದುಂಡಗೆ ಬರೆದದ್ದು. ಓದುವವರು ಓದುತ್ತಾರೆ. ಹೆಂಗಸೊಬ್ಬರು ಸ್ಟೀಲ್ ಡಬ್ಬಿಯನ್ನೇ ಒಳಗಿಡಲು ಹೋದಾಗ ಮೂಲೆಯಿಂದ ಜೋರಾಗಿ ಕೆಮ್ಮು ಕೇಳುತ್ತದೆ.

“ಲೋಹ ಬೇಡ ಅಂತ ಬರೆದಿದೆ, ಓದಿದೀನಿ. ನಂದು ಲೋಹ ಅಲ್ವಲ್ಲ, ಸ್ಟೀಲು,” ಎನ್ನುತ್ತಾರೆ ಆಕೆ.

ಕೆಮ್ಮು ಇನ್ನೂ ಜೋರಾಗುತ್ತದೆ. ಗಾರ್ಡಣ್ಣ ಅರ್ಥ ಹೇಳುತ್ತಾನೆ: “ಸ್ಟೀಲೂ ಲೋಹಾನೇ ಅಂತೆ ಅಕ್ಕೋರೆ. ಗಾಜಿನ ಬಟ್ಟಲು ಅಲ್ಲಿದೆ ಅಂತೆ.” ಸೋಮವಾರದಿಂದ ಇದೇ ಕಥೆ. ಮಾತಾಡಬೇಡಿ ಅಂದಿದ್ದಾರೆ, ಕೆಮ್ಮಬೇಡಿ ಅಂದಿಲ್ಲ. ಒಂದು ಕೆಮ್ಮು ಅಂದರೆ ಪಾತ್ರೆ ಸರಿಯಿಲ್ಲ, ಎರಡು ಅಂದರೆ ಮುಚ್ಚಳ ಬಿಗಿಯಾಗಿದೆ, ಗಂಟಲು ಕ್ಯಾಕರಿಸಿದರೆ ಮುಟ್ಟಬೇಡ. ದಿನವೂ ಬರುವವರು ಇದನ್ನು ಫಲಕಕ್ಕಿಂತ ಬೇಗ ಕಲಿತಿದ್ದಾರೆ.

ಕಲಿಯದೇ ಉಳಿದವರು ಡ್ರೈವರ್ ತಾತ. ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಗುರುವಾರವಷ್ಟೇ ಹೆಂಡತಿಯನ್ನು ಇಲ್ಲಿ ಸೇರಿಸಿದ್ದಾರೆ. ಒಂದು ಗಂಟೆಯ ಹೊತ್ತಿಗೆ ತಿಳಿಸೂಪಿನ ಬಟ್ಟಲು ಹಿಡಿದು ಬಂದವರು ಫಲಕದ ಮುಂದೆ ನಿಂತು, ಕನ್ನಡಕ ಏರಿಸಿ, ಏಳೂ ಸಾಲನ್ನು ಗಟ್ಟಿಯಾಗಿ ಓದುತ್ತಾರೆ. ಮುಂಗೋಪಿ ಒಂದನೇ ಓವನ್ನಿನಲ್ಲಿ ಬಟ್ಟಲಿಟ್ಟು ಎರಡು ನಿಮಿಷ ಒತ್ತುತ್ತಾರೆ. ಟಿಂಗ್. ತಿರುಗಿ ಫಲಕದ ಐದನೇ ಸಾಲು ನೋಡುತ್ತಾರೆ. ‘ಬಿಸಿಯಾದ ಮೇಲೆ ಎರಡು ನಿಮಿಷ ಬಿಡಿ.’ ತಲೆದೂಗಿ, ಇನ್ನೊಂದು ಸಲ ಎರಡು ನಿಮಿಷ ಒತ್ತುತ್ತಾರೆ.

ಮೂಲೆಯಿಂದ ಕೆಮ್ಮು. ಮತ್ತೆ ಕೆಮ್ಮು. ಆಮೇಲೆ ಕ್ಯಾಕರಿಕೆ.

“ನೆಗಡಿ ಜೋರಾಗಿದೆ ತಾಯಿ ನಿಂಗೆ,” ತಾತ ಮರುಗುತ್ತಾರೆ. “ಬಿಸಿನೀರು ಕುಡಿ.”

ಗಾರ್ಡಣ್ಣ ಆಗಲೇ ಯಾರಿಗೋ ದಾರಿ ತೋರಿಸಲು ಹೋಗಿದ್ದಾನೆ. ಅವನ ಜಾಗದಲ್ಲಿ, ಬಾಗಿಲಲ್ಲಿ, ಪರೀಕ್ಷೆ ಹೇಗೆ ನಡೆದಿದೆ ನೋಡಲು ಬಂದ ಮ್ಯಾನೇಜರೇ ನಿಂತಿದ್ದಾರೆ. ಬಿಸಿಯಕ್ಕ ಅವರನ್ನು ನೋಡುತ್ತಾರೆ, ಓವನ್ನಿನಲ್ಲಿ ಇಳಿಯುತ್ತಿರುವ ಅಂಕಿ ನೋಡುತ್ತಾರೆ. ಟಿಂಗ್. ತಾತ ಬಾಗಿಲು ತೆಗೆದು, ಬಗ್ಗಿ, ಸೂಪಿನ ಕಡೆ ಚಮಚ ಚಾಚುತ್ತಾರೆ.

“ಹಾಕಬೇಡಿ!”

ಐದು ದಿನದಲ್ಲಿ ಎಂಟು ಗಂಟೆಯ ಮೇಲೆ ಆ ಬಾಯಿಂದ ಬಂದ ಮೊದಲ ಮಾತು. ಸ್ಟೂಲು ಉರುಳಿದೆ. ಬಿಸಿಯಕ್ಕ ತಾತನ ಮಣಿಕಟ್ಟು ಹಿಡಿದು ಹಿಂದಕ್ಕೆಳೆದಿದ್ದಾರೆ. ಬಟ್ಟಲಿನಲ್ಲಿ ಸೂಪು ಕೆರೆಯ ನೀರಿನಷ್ಟು ಶಾಂತ. ತಾತನಿಗೆ ಗಲಿಬಿಲಿ. ಮ್ಯಾನೇಜರ ಹುಬ್ಬು ಗಂಟಿಕ್ಕಿದೆ. “ಅಮ್ಮಾ, ಮಾತಾಡಬೇಡಿ ಅಂದಿದ್ದೆನಲ್ಲ?”

“ಐದು ದಿನ ಆಡಿಲ್ಲ ಸರ್. ಒಂಚೂರು ದೂರ ನಿಂತ್ಕೊಳ್ಳಿ.”

ಜೇಬಿನಿಂದ ಎಲ್ಲಕ್ಕಿಂತ ಉದ್ದದ ಕಡ್ಡಿ ತೆಗೆದು, ತೋಳು ಚಾಚಿ, ತುದಿಯನ್ನು ಸೂಪಿಗೆ ತಾಗಿಸುತ್ತಾರೆ. ಬುಸ್! ಅರ್ಧ ಬಟ್ಟಲು ಒಂದೇ ಏಟಿಗೆ ಮೇಲೆದ್ದು ಓವನ್ನಿನ ಗೋಡೆಗೆಲ್ಲ ಅಪ್ಪಳಿಸಿ, ಹೊರಗಿನ ಕಟ್ಟೆಯ ತನಕ ಹಾರುತ್ತದೆ. ಗಳಿಗೆಯ ಹಿಂದೆ ತಾತನ ಮುಖ ಇದ್ದ ಜಾಗ ಅದು. 

“ಎರಡು ಸಲ ಯಾಕೆ ಒತ್ತಿದ್ರಿ ತಾತ?”

“ಬೋರ್ಡಲ್ಲಿ ಬರೆದಿದೆಯಲ್ಲ ತಾಯಿ, ಎರಡು ನಿಮಿಷ ಬಿಡಿ ಅಂತ. ಬಿಟ್ಟೆ.”

“ಬಿಡೋದು ಅಂದ್ರೆ ಸುಮ್ನೆ ಬಿಡೋದು ತಾತ!”

“ಅದ್ಹೆಂಗೆ?” ತಾತನಿಗೆ ನಿಜಕ್ಕೂ ಆಶ್ಚರ್ಯ. “ನಲವತ್ತು ವರ್ಷ ಗಾಡಿ ಬಿಟ್ಟೋನು ನಾನು. ಕಂಡಕ್ಟರು ‘ಬಿಡಿ’ ಅಂದ್ರೆ ಬ್ರೇಕ್ ಹಾಕ್ತಿದ್ನಾ?”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಮ್ಯಾನೇಜರು ನಗುವುದಿಲ್ಲ. ತಮ್ಮದೇ ಕೈಬರಹದ ಐದನೇ ಸಾಲನ್ನು ಮೊದಲ ಸಲ ನೋಡುವವರಂತೆ ನೋಡುತ್ತಿದ್ದಾರೆ.

ಬಿಸಿಯಕ್ಕ ತಾತನ ಕಡೆ ತಿರುಗಿ, ಕೊನೆಗೂ ಕೇಳುತ್ತಾರೆ. “ಸೂಪು ಯಾರಿಗೆ?”

“ನಮ್ಮನೆಯವಳಿಗೆ. ಬಾಯಿ ಒಂದು ಕಡೆ ಬಿದ್ದುಹೋಗಿದೆ. ಬಿಸಿಯೋ ತಣ್ಣಗೋ, ಅವಳಿಗೆ ಗೊತ್ತಾಗಲ್ಲ.”

 ತಾತ ಮನೆಯಿಂದ ತಂದ ಡಬ್ಬಿಯಲ್ಲಿ ಉಳಿದ ಸೂಪನ್ನು ಬಿಸಿಯಕ್ಕ ಬೇರೆ ಬಟ್ಟಲಿಗೆ ಸುರಿದು, ಕಡ್ಡಿಯಿಟ್ಟು, ನಾಲ್ಕನೇ ಓವನ್ನಿನಲ್ಲಿ ಕಾಯಿಸಿ, ಎರಡು ನಿಮಿಷ ನಿಂತು, ಕೈಯಾಡಿಸಿ ಆರಿಸುತ್ತಾರೆ. ತಮ್ಮ ಮಣಿಕಟ್ಟಿಗೆ ಒಂದು ಹನಿ. ಮತ್ತೆ ಆರಿಸಿ ಇನ್ನೊಂದು. ಮೂರನೇ ಹನಿಯಾದ ಮೇಲೆಯೇ ಬಟ್ಟಲು ತಾತನ ಕೈಗೆ. “ಕುಡಿಸೋಕೆ ಮುಂಚೆ ನೀವೂ ಒಂದು ಚಮಚ ಬಾಯಿಗೆ ಹಾಕ್ಕೊಳ್ಳಿ. ಪ್ರತಿ ಸಲ.”

ಮ್ಯಾನೇಜರು “ನಾಳೆ ಬೆಳಿಗ್ಗೆ ಬರ್ತೀನಿ,” ಎಂದಷ್ಟೇ ಹೇಳಿ ಹೊರಡುತ್ತಾರೆ.

ಶನಿವಾರ ಆರು ಗಂಟೆಗೇ ಬರುತ್ತಾರೆ. ಕೈಯಲ್ಲಿ ಮಾರ್ಕರ್ ಪೆನ್ನು. “ಆ ಸಾಲು ತಿದ್ದಬೇಕಮ್ಮ. ಏನಂತ ಬರೀಲಿ, ನೀವೇ ಹೇಳಿ.”

ಗಾರ್ಡಣ್ಣ ಬಿಸಿಯಕ್ಕನ ಕಿವಿಯ ಹತ್ತಿರ ಬಗ್ಗುತ್ತಾನೆ. “ಸುಮ್ನಿರಕ್ಕ. ತಿದ್ದಿಸಿಕೊಟ್ರೆ ನಿನ್ನ ಕೈಯಾರೆ ನೀನೇ ಲಾಂಡ್ರಿಗೆ ಹೋದಂಗೆ.”

“ಹಂಗಂತ ತಪ್ಪು ಬರೆದಿದ್ದು ಅಲ್ಲೇ ಇರಬೇಕಾ? ರಾತ್ರಿ ಇಲ್ಲಿ ಯಾರೂ ಇರಲ್ಲ, ಆಗ್ಲೂ ಜನ ಬರ್ತಾರೆ,” ಎಂದು ಅವನನ್ನು ಪಕ್ಕಕ್ಕೆ ಸರಿಸಿ ಹೇಳತೊಡಗುತ್ತಾರೆ. “ಗಂಟೆ ಆದ ಮೇಲೆ ಎರಡು ನಿಮಿಷ ಮುಟ್ಟಬೇಡಿ ಅಂತ ಬರೀರಿ ಸರ್. ‘ಮುಚ್ಚಿ’ ಅಂತ ಇರೋ ಕಡೆ ‘ಮುಚ್ಚಳ ಓರೆ ಇಡಿ’. ‘ಲೋಹ’ ಹೊಡೆದು ಹಾಕಿ, ‘ಸ್ಟೀಲು, ಫಾಯಿಲು, ಚಿನ್ನದ ಅಂಚು’ ಅನ್ನಿ.” ಮ್ಯಾನೇಜರು ಒಳ್ಳೇ ವಿದ್ಯಾರ್ಥಿಯ ಹಾಗೆ ಬರೆದುಕೊಳ್ಳುತ್ತಾರೆ.

“ಇನ್ನೇನಾದ್ರೂ ಇದೆಯಾ?”

“ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ, ‘ಯಾರಿಗೆ?’ ಅಂತ ಬರೀರಿ.”

ಬರೆಯುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ.  “ಇದನ್ನ ಓದಿದವರು ಉತ್ತರ ಯಾರ ಹತ್ರ ಹೇಳ್ಬೇಕಮ್ಮ?”

ಬಿಸಿಯಕ್ಕನಿಗೆ ಅದು ತಮ್ಮನ್ನು ಕೇಳಿದ್ದೋ, ಫಲಕವನ್ನು ಕೇಳಿದ್ದೋ ತಿಳಿಯುವುದಿಲ್ಲ. ಜೇಬಿನ ಕಡ್ಡಿ ಎಣಿಸುತ್ತಾರೆ. ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿ ಗಾರ್ಡಣ್ಣನ ಕಡೆ ತಿರುಗುತ್ತಾರೆ. “ಆ ಸ್ಟೂಲು ತೆಗೆದು ಕಚೇರಿಗೆ ತಗೊಂಡ್ಹೋಗಪ್ಪ. ಇಲ್ಲಿ ಇವರಿಗೆ ಕೂರೋಕೆ ಪುರುಸೊತ್ತೆಲ್ಲಿದೆ? ಲಾಂಡ್ರಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ.” ಬಾಗಿಲ ತನಕ ಹೋದವರು ತಿರುಗಿ, “ಗಡಿಯಾರದ ಅರ್ಜಿನೂ ನೋಡ್ದೆ. ಎಂಟು ವರ್ಷ ಹಳೇದು,” ಅಂದು ಹೋಗುತ್ತಾರೆ.

ಬಿಸಿಯಕ್ಕ ಕಣ್ಣೊರೆಸಿಕೊಳ್ಳುವುದಿಲ್ಲ, ಕೈಮುಗಿಯುವುದಿಲ್ಲ. “ಮುಂದೆ ಬನ್ನಿ, ನಿಮ್ದು ಯಾರಿಗೆ?” ಅನ್ನುತ್ತಾರೆ. ಆದರೆ ಆ ದಿನವೆಲ್ಲ ಅವರ ದನಿ ಒಂದು ಕೂದಲೆಳೆ ಮೇಲೆಯೇ ಇದೆ. ಈ ಕೆಲಸದಲ್ಲಿ ಅಂಥದ್ದೇನಿದೆ ಅಂತ ಕೇಳಿದರೆ, “ಏನಿಲ್ಲ. ಒಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಹೋದ ಊಟದಲ್ಲಿ ಒಬ್ಬರ ಬಾಯೂ ಸುಟ್ಟಿಲ್ಲ. ಅಷ್ಟೇಯ,” ಅನ್ನುತ್ತಾರೆ.

ಎರಡೂವರೆಗೆ ಐದು ನಿಮಿಷ ಇದೆ. ಸಂಜೆ ಪಾಳಿಯಾಕೆ ಬಂದಾಗಿದೆ. ಬಿಸಿಯಕ್ಕ ಆರನೇ ಓವನ್ನಿನಿಂದ ತಮ್ಮ ತಣ್ಣನೆಯ ಡಬ್ಬಿ ತೆಗೆಯುವಾಗ ಡ್ರೈವರ್ ತಾತ ಗಾಜಿನ ಬಟ್ಟಲೊಂದನ್ನು ಎರಡೂ ಕೈಯಲ್ಲಿ ಹಿಡಿದು ಬರುತ್ತಾರೆ. ಒಳಗೆ ಸೂಪು, ನಡುವೆ ಸರಿಯಾಗಿ ನಿಲ್ಲಿಸಿದ ಒಂದು ಮರದ ಕಡ್ಡಿ.

“ಮಧ್ಯಾಹ್ನ ಒಂದ್ಸಲ ಬಂದಿದ್ರಲ್ಲ ತಾತ, ಅಜ್ಜಿ ಕುಡಿದ್ರಲ್ಲ? ಇದು ಯಾರಿಗೆ?”

“ನಿಂಗೇ ತಾಯಿ. ಆ ಡಬ್ಬಿನೂ ಇತ್ಲಾಗೆ ಕೊಡು.”

ಡಬ್ಬಿಯಲ್ಲಿದ್ದದ್ದು ಇನ್ನೊಂದು ಬಟ್ಟಲಿಗೆ ಬೀಳುತ್ತದೆ, ಬಳೆಯಂತೆ ಸುತ್ತ ಹರಡಿಕೊಳ್ಳುತ್ತದೆ. ನಾಲ್ಕರಲ್ಲಿ ಸೂಪು, ಐದರಲ್ಲಿ ಊಟ. ತಾತ ಕೈ ಹಿಂದೆ ಕಟ್ಟಿಕೊಂಡು ಕಾವಲು ನಿಲ್ಲುತ್ತಾರೆ. ಟಿಂಗ್. ಬಿಸಿಯಕ್ಕನ ಕೈ ತಾನಾಗಿ ಬಾಗಿಲಿನ ಹಿಡಿಯವರೆಗೆ ಹೋಗುತ್ತದೆ. ಸಾಲಿನಲ್ಲಿ ನಿಂತ ಏಳೆಂಟು ಜನ ಒಟ್ಟಿಗೇ ಗಂಟಲು ಕ್ಯಾಕರಿಸುತ್ತಾರೆ. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.